ಇಬ್ಬರೇ ಹೋದ ಎರಡು ದಿನ

ಕಳೆದ ತಿಂಗಳು ಒಂದು ಸಂಜೆ ನೆರೆಯ ತೋಟದ ಮನೆಯ ಯುವಕನೊಬ್ಬ ನಮ್ಮ ಜಗುಲಿಗೆ ಬಂದು ಕುಳಿತ. ಮದುವೆಯಾಗಿ ಒಂದೂವರೆ ವರ್ಷವಾಗಿದೆ. ಮೊದಲು ಮಳೆಯ ಮಾತು, ಆಮೇಲೆ ಅಡಕೆಯ ಕೊಳೆರೋಗ, ಆಮೇಲೆ ಧಾರಣೆ. ಬಂದ ಕೆಲಸ ಬೇರೆಯೇ ಇದೆಯೆಂದು ಅವನ ಮುಖ ಹೇಳುತ್ತಿತ್ತು. ಕಾಫಿ ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಮೇಷ್ಟ್ರೆ, ನಾವಿಬ್ಬರೂ ಎರಡು ದಿನ ಬೆಂಗಳೂರಿಗೆ ಹೋಗಿ ಒಂದು ನಾಟಕ ನೋಡಿಕೊಂಡು ಬರೋಣ ಅಂತಿದ್ದೇವೆ. ಅಮ್ಮ ಒಪ್ಪುತ್ತಿಲ್ಲ. ಮದುವೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ, ಯಾವ ಕಾರಣಕ್ಕೆ ಇಬ್ಬರೇ ಹೋಗೋದು ಅಂತಾರೆ. ನೀವು ಒಂದು ಮಾತು ಹೇಳಬೇಕು."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ನನ್ನ ಮನೆಯ ಜಗುಲಿಯಲ್ಲಿಯೇ ನಾನು ಹಿಂದೊಮ್ಮೆ ಕೇಳಿದ್ದೆ. ಅವನನ್ನು ಕಳುಹಿಸಿದ ಮೇಲೆ ಬಹಳ ಹೊತ್ತು ಯೋಚಿಸಿದೆ. ಆ ಯೋಚನೆಯನ್ನೇ ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದು ತೋಟ, ಅದರ ತಲೆಯ ಮೇಲೊಂದು ಮನೆ, ಕೂಗಿದರೆ ಕೇಳದಷ್ಟು ದೂರದಲ್ಲಿ ಇನ್ನೊಂದು ಮನೆ. ಇಷ್ಟು ಏಕಾಂತದ ನಾಡಿನಲ್ಲಿ ಗಂಡಹೆಂಡಿರಿಗೆ ಮಾತ್ರ ಏಕಾಂತವಿಲ್ಲ. ಬೆಳಗಾದರೆ ಕೊಟ್ಟಿಗೆ, ಒಲೆ, ಆಳುಗಳ ತಿಂಡಿ. ಕೊಯಿಲಿನ ದಿನಗಳಲ್ಲಿ ನಡುರಾತ್ರಿಯವರೆಗೆ ಅಡಕೆ ಸುಲಿಯುವ ಕೆಲಸ. ಹಿರಿಯರ ಎದುರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಕ್ಕೂ ಸಂಕೋಚಪಡುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಮನೆಯಿಂದ ಹೊರಡಬೇಕಾದರೆ ಮದುವೆ, ಗೃಹಪ್ರವೇಶ, ಆಸ್ಪತ್ರೆ, ಕೋರ್ಟು, ಜಾತ್ರೆ, ಇವುಗಳಲ್ಲಿ ಒಂದು ಕಾರಣ ಬೇಕು. ಇಬ್ಬರೂ ಜೊತೆಯಾಗಿರುವುದೇ ಒಂದು ಕಾರಣವಾಗಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಪಾಶ್ಚಾತ್ಯರಲ್ಲಿ ವಾರದ ಕೊನೆಗೆ ದಂಪತಿಗಳು ನಗರಕ್ಕೆ ಹೋಗಿ, ಒಂದು ರಾತ್ರಿ ಆಪೆರಾ ನೋಡಿ, ಹೋಟೆಲಿನಲ್ಲಿ ತಂಗಿ ಬರುವ ವಾಡಿಕೆಯಿದೆ. ಆಪೆರಾ ಎಂದರೆ ಆದ್ಯಂತವಾಗಿ ಹಾಡಿನಲ್ಲಿಯೇ ನಡೆಯುವ ನಾಟಕ. ಇಟಲಿಯಲ್ಲಿ ಹದಿನಾರನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದ ಕಲೆ ಇದು. ಮೊದಮೊದಲು ಅರಮನೆಗಳಿಗೆ ಸೀಮಿತವಾಗಿತ್ತು. 1637ರಲ್ಲಿ ವೆನಿಸ್ ನಗರದಲ್ಲಿ ಹಣ ಕೊಟ್ಟ ಯಾರಾದರೂ ಕುಳಿತು ನೋಡಬಹುದಾದ ಆಪೆರಾ ಮಂದಿರ ತೆರೆಯಿತು. ಇಂದಿಗೂ ರಂಗದ ಮೇಲೆ ಬರುತ್ತಿರುವ ಅತಿ ಹಳೆಯ ಆಪೆರಾಗಳಲ್ಲಿ ಒಂದು, 1607ರಲ್ಲಿ ಮಾಂಟೆವರ್ಡಿ ಎಂಬ ಸಂಗೀತಗಾರ ರಚಿಸಿದ 'ಆರ್ಫಿಯೋ'. ಅದರ ವಸ್ತು ಗಮನಿಸತಕ್ಕದ್ದು. ಹಾವು ಕಚ್ಚಿ ಸತ್ತ ಹೆಂಡತಿಯನ್ನು ಗಾಯಕನಾದ ಗಂಡ ಪಾತಾಳದಿಂದ ಕರೆತರಲು ಹೋಗುತ್ತಾನೆ. ಅವನ ಹಾಡಿಗೆ ಮೃತ್ಯುಲೋಕವೇ ಮಣಿಯುತ್ತದೆ. ಒಂದೇ ಒಂದು ಷರತ್ತು: ಹೊರಗೆ ಬರುವವರೆಗೆ ಹಿಂದೆ ಬರುತ್ತಿರುವ ಹೆಂಡತಿಯನ್ನು ತಿರುಗಿ ನೋಡಬಾರದು. ಅವನು ತಾಳಲಾರದೆ ನೋಡುತ್ತಾನೆ, ಅವಳನ್ನು ಕಳೆದುಕೊಳ್ಳುತ್ತಾನೆ. ಈ ಕಥೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿಯೂ ಆಂಗ್ಲರು ಇಂಥ ಮಂದಿರಗಳನ್ನು ಕಟ್ಟಿಸಿಕೊಂಡರು. ಮುಂಬಯಿಯ ರಾಯಲ್ ಆಪೆರಾ ಹೌಸನ್ನು 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ. ಅದು 1993ರಲ್ಲಿ ಮುಚ್ಚಿ, ದುರಸ್ತಿಗೊಂಡು 2016ರಲ್ಲಿ ಮತ್ತೆ ತೆರೆಯಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿಯೂ ಆಪೆರಾ ಹೌಸ್ ಎಂಬ ಹೆಸರಿನ ಕಟ್ಟಡವಿದೆ. ಮುಂದೆ ಅದು ಚಿತ್ರಮಂದಿರವಾಯಿತು. 2018ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ಅಲ್ಲಿ ತನ್ನ ಫೋನುಗಳ ಪ್ರದರ್ಶನ ಮಳಿಗೆಯನ್ನು ತೆರೆಯಿತು. ಹೆಸರು ಉಳಿಯಿತು, ಹಾಡು ಉಳಿಯಲಿಲ್ಲ.

ಹಾಗೆಂದು ನಮಗೆ ಗೀತನಾಟಕದ ಬಡತನವಿದೆಯೆಂದಲ್ಲ. ಭಾಗವತರ ಪದ್ಯ, ಚಂಡೆ ಮದ್ದಳೆಗಳೊಡನೆ ಇಡೀ ರಾತ್ರಿ ನಡೆಯುತ್ತಿದ್ದ ಯಕ್ಷಗಾನ ಬಯಲಾಟ ನಮ್ಮ ಮಲೆನಾಡಿನ ಗದ್ದೆಗಳಿಗೆ ಹೊಸತಲ್ಲ. ಘಟ್ಟದ ಕೆಳಗಿನ ಮೇಳಗಳು ಸುಗ್ಗಿಯ ನಂತರ ಮೇಲೆ ಬರುತ್ತಿದ್ದವು. ಬಯಲುಸೀಮೆಯಲ್ಲಿ ಕಂಪನಿ ನಾಟಕಗಳಿದ್ದವು. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಉತ್ತರದಲ್ಲಿ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರವನ್ನು ಊರೂರಿಗೆ ಒಯ್ದರು. 1914ರಲ್ಲಿ ಹುಟ್ಟಿದ ಅವರು 2017ರವರೆಗೆ ಬದುಕಿದ್ದರು. ಮಲ್ಲಿಕಾರ್ಜುನ ಮನ್ಸೂರರಂಥ ಮಹಾಗಾಯಕರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿಯೇ ಮೇಲೆ ಬಂದವರು. ಕಲೆ ಇತ್ತು, ನೋಡುವವರೂ ಇದ್ದರು. ಆದರೆ ಆಟಕ್ಕೆ ಹೋದಾಗ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಗಂಡ ಗೆಳೆಯರೊಡನೆ ಮುಂದೆ ಹೋಗುವನು, ಹೆಂಡತಿ ಅತ್ತೆ ನಾದಿನಿಯರೊಡನೆ ಹಿಂದೆ ಬರುವಳು. ಒಂದೇ ಕಥೆಯನ್ನು ಕಂಡು, ಬೇರೆ ಬೇರೆಯಾಗಿ ಅತ್ತು, ಬೇರೆ ಬೇರೆಯಾಗಿ ಮನೆಗೆ ಮರಳುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನಾನು ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಓದಿದವನು. ಅಲ್ಲಿ ಅಲಂಕಾರಶಾಸ್ತ್ರದ ಪಾಠದಲ್ಲಿ ಶೃಂಗಾರಕ್ಕೆ ಸಂಭೋಗ, ವಿಪ್ರಲಂಭ ಎಂದು ಎರಡು ಭೇದಗಳೆಂದೂ, ಅದರ ಸ್ಥಾಯಿಭಾವ ರತಿಯೆಂದೂ, ವಿಭಾವ ಅನುಭಾವಗಳು ಇಂತಿಂಥವೆಂದೂ ಬಾಯಿಪಾಠ ಮಾಡಿದ್ದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲವನಾಗಿದ್ದೆ. 1986ರಲ್ಲಿ ಮದುವೆಯಾಯಿತು. ನನ್ನ ಪತ್ನಿಯ ತವರು ನರಸಿಂಹರಾಜಪುರದ ಕಡೆ, ಭದ್ರಾ ಜಲಾಶಯದ ಹಿನ್ನೀರಿನ ಬದಿಯ ಹಳ್ಳಿ. ಎರಡು ವರ್ಷಗಳ ನಂತರ ಕೊಪ್ಪಕ್ಕೆ ಒಂದು ನಾಟಕ ಕಂಪನಿ ಬಂದು ಡೇರೆ ಹಾಕಿತು. "ಒಂದು ದಿನ ಕರೆದುಕೊಂಡು ಹೋಗ್ತೀರಾ?" ಎಂದು ಆಕೆ ಕೇಳಿದಳು. ಮದುವೆಯಾದ ಮೇಲೆ ಆಕೆ ಬಾಯಿಬಿಟ್ಟು ಕೇಳಿದ ಮೊದಲ ಕೋರಿಕೆ ಅದು. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಕರೆದೊಯ್ಯುವೆನೆಂದು ಮಾತು ಕೊಟ್ಟೆ.

ಆ ಶನಿವಾರ ಶಾಲೆಗೆ ಇಬ್ಬರು ವಿದ್ವಾಂಸರು ಬಂದರು. ಮಾತು ಬೆಳೆಯಿತು. ಅವರಿಗೂ ನಾಟಕ ನೋಡುವ ಮನಸ್ಸಾಯಿತು. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ನಾನು ಅವರೊಡನೆ ನೇರವಾಗಿ ಡೇರೆಗೆ ಹೋದೆ. ರಾತ್ರಿ ಎರಡು ಗಂಟೆಯ ಮೇಲೆ ಮನೆಗೆ ಬಂದು ಬಾಗಿಲು ತಟ್ಟಿದೆ. ಆಕೆ ಬಾಗಿಲು ತೆರೆದು, ಕಾಲಿಗೆ ನೀರು ಕೊಟ್ಟು, ಊಟ ಬಡಿಸಿದಳು. ನಾಟಕದಲ್ಲಿ ಕರುಣರಸದ ಪೋಷಣೆ ಹೇಗೆ ಬಂದಿತ್ತೆಂದು ಉಣ್ಣುತ್ತ ನಾನು ಆಕೆಗೆ ವಿವರಿಸಿದೆ. ಆಕೆ ಏನೂ ಹೇಳಲಿಲ್ಲ. ಏನೂ ಹೇಳದ್ದರಿಂದ ಏನೂ ಆಗಿಲ್ಲವೆಂದು ನಾನು ತಿಳಿದೆ.

ಹೀಗೆ ಇಪ್ಪತ್ತೈದು ವರ್ಷಗಳು ಸಂದವು. 2013ರಲ್ಲಿ, ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ ಮಗಳು ನಮಗೆ ಎರಡು ಟಿಕೆಟುಗಳನ್ನು ಕೊಡಿಸಿದಳು. ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ 'ಮಲೆಗಳಲ್ಲಿ ಮದುಮಗಳು' ನಾಟಕ. ಮೊದಲು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಪ್ರದರ್ಶಿತವಾಗಿ ನಾಡಿನ ಗಮನ ಸೆಳೆದ ನಾಟಕವದು. ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಯನ್ನು ಕೆ. ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕೆ ತಂದಿದ್ದರು. ನಿರ್ದೇಶನ ಸಿ. ಬಸವಲಿಂಗಯ್ಯನವರದು, ಸಂಗೀತ ಹಂಸಲೇಖರದು. ರಾತ್ರಿ ಆರಂಭವಾಗಿ ಬೆಳಗಿನವರೆಗೆ ಸುಮಾರು ಒಂಬತ್ತು ಗಂಟೆಗಳ ಆಟ.

"ಇಬ್ಬರೇ ಹೋಗುವುದೆ?" ಎಂದು ಕೇಳಿದವನು ನಾನೇ! ತೋಟ, ದನ, ವಯಸ್ಸಾದ ತಾಯಿ ಎಂದು ಕಾರಣಗಳನ್ನು ಎಣಿಸಿದೆ. ನನ್ನ ತಾಯಿಗೆ ಆಗ ಎಂಬತ್ತರ ಸಮೀಪ. ಬೇಡವೆಂದು ಅವರೇ ಹೇಳಿದರೆ ನನಗೆ ಅನುಕೂಲವಾಗುವುದೆಂಬ ಆಸೆಯೂ ಒಳಗಿತ್ತು. ಅವ್ವ ಎಲೆಯಡಕೆ ಕುಟ್ಟುತ್ತಿದ್ದುದನ್ನು ನಿಲ್ಲಿಸಿ ಹೇಳಿದರು: "ನಿನ್ನಪ್ಪನ ಜೊತೆ ನಾನು ಹೋದದ್ದು ಒಂದೇ ಸಲ, ಬಾಳೆಹೊನ್ನೂರಿನ ಜಾತ್ರೆಗೆ. ಅವರು ಹತ್ತು ಮಾರು ಮುಂದೆ ನಡೆದರು, ನಾನು ಅವರ ಬೆನ್ನು ನೋಡ್ತಾ ನಡೆದೆ. ಜಾತ್ರೆಯಲ್ಲಿ ಏನು ನೋಡಿದೆ ಅಂದರೆ ಆ ಬೆನ್ನೊಂದೇ ನೆನಪು. ನೀವು ಹೋಗಿಬನ್ನಿ. ಎರಡು ದಿನಕ್ಕೆ ದನ ಸಾಯೋದಿಲ್ಲ."

ಶುಕ್ರವಾರ ರಾತ್ರಿ ಕೊಪ್ಪದಲ್ಲಿ ಬಸ್ಸು ಹತ್ತಿದೆವು. ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಯಿದೆ, ಅಲ್ಲಿಯೇ ಇಳಿಯುವುದೆಂದು ನನ್ನ ಎಣಿಕೆ. ಆಕೆ ಮೆಲ್ಲನೆ ಹೇಳಿದಳು: "ಏನ್ರೀ, ಅಲ್ಲಿಗೆ ಹೋದರೆ ನೀವು ಜಗುಲೀಲಿ ಪೇಪರು ಓದ್ತೀರಿ, ನಾನು ಅಡಿಗೆಮನೇಲಿ ರೊಟ್ಟಿ ತಟ್ಟುತೀನಿ. ಅದಕ್ಕೆ ಬೆಂಗಳೂರು ಯಾಕೆ?" ನನಗೆ ನಗು ಬಂತು, ಒಳಗೆ ಸ್ವಲ್ಪ ನಾಚಿಕೆಯೂ ಆಯಿತು. ಮೆಜೆಸ್ಟಿಕ್ಕಿನ ಬಳಿ ಒಂದು ಸಾಮಾನ್ಯ ವಸತಿಗೃಹದಲ್ಲಿ ಕೋಣೆ ಹಿಡಿದೆವು. ಬೆಳಗ್ಗೆ ಹುಡುಗನೊಬ್ಬ ಕಾಫಿ ತಂದು ಬಾಗಿಲಲ್ಲಿ ಕೊಟ್ಟಾಗ ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು. "ಕಾಫಿ ಅಷ್ಟು ಚೆನ್ನಾಗಿಲ್ಲ," ಎಂದೆ. "ಇರಲಿ, ನಾನು ಕಾಸಿದ್ದಲ್ಲವಲ್ಲ," ಎಂದಳು.

ಹಗಲು ಲಾಲ್‌ಬಾಗಿಗೆ ಹೋದೆವು. ಹೈದರಾಲಿಯ ಕಾಲದ ತೋಟ, 1889ರ ಗಾಜಿನ ಮನೆ, ಮೂರು ಸಾವಿರ ದಶಲಕ್ಷ ವರ್ಷಗಳಷ್ಟು ಹಳೆಯದೆನ್ನುವ ಬಂಡೆ. ನಾನು ಫಲಕಗಳನ್ನು ಓದಿ ಹೇಳುತ್ತ ನಡೆದೆ. ಒಂದು ಕಡೆ ಆಕೆ ನಿಂತು, "ಸ್ವಲ್ಪ ಹೊತ್ತು ಪಾಠ ಮಾಡಬೇಡಿ, ಕೂತ್ಕೊಳ್ಳೋಣ," ಎಂದಳು. ಬಂಡೆಯ ಮೇಲೆ ಕುಳಿತೆವು. ಆಗಿನ್ನೂ ಹೊಸದಾಗಿದ್ದ ಮೆಟ್ರೋ ರೈಲಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಹೋಗಿ ಅದೇ ರೈಲಿನಲ್ಲಿ ಮರಳಿದೆವು. ಎಲ್ಲಿಗೂ ಅಲ್ಲದ ಪ್ರಯಾಣಕ್ಕೆ ಟಿಕೆಟು ಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಕಲಾಗ್ರಾಮ ಸೇರಿದೆವು. ಬಯಲಿನಲ್ಲಿ ಒಂದಕ್ಕಿಂತ ಹೆಚ್ಚು ರಂಗಸ್ಥಳಗಳು. ಕಥೆ ನಡೆದಂತೆ ನೋಡುವವರೂ ಎದ್ದು ರಂಗದಿಂದ ರಂಗಕ್ಕೆ ನಡೆಯಬೇಕು. ಜೋಗಿಗಳು ಹಾಡುತ್ತ ಕಥೆಯನ್ನು ಮುಂದಕ್ಕೆ ಒಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅಲ್ಲಿ ಎದ್ದು ನಿಂತಿತ್ತು. ಕಂಬಳಿಕೊಪ್ಪೆ ಕಂಡರೆ ಆಕೆ ನನ್ನ ಕೈ ತಟ್ಟುವಳು, ನಮ್ಮ ಕಡೆಯ ಮಾತು ಕೇಳಿದರೆ ಗಟ್ಟಿಯಾಗಿ ನಗುವಳು. ನೂರಾರು ಪಟ್ಟಣಿಗರ ನಡುವೆ ನಾವಿಬ್ಬರೇ ಮನೆಯವರು, ಉಳಿದವರು ನೆಂಟರು ಎಂಬಂತಿತ್ತು.

1967ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ನಾನು ಎರಡು ಬಾರಿ ಓದಿದ್ದೆ. ಜೀತ, ಜಾತಿ, ಮತಾಂತರ, ಕಾಲಪಲ್ಲಟ ಎಂದು ತರಗತಿಯಲ್ಲಿ ಮಾತನಾಡಿದ್ದೆ. ಅದು ಮುಖ್ಯವಾಗಿ ಜೋಡಿಗಳ ಕಥೆಯೆಂಬುದು ಆ ರಾತ್ರಿ ಕಣ್ಣಿಗೆ ಬಿತ್ತು. ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಗುತ್ತಿ, ಒಬ್ಬರನ್ನೊಬ್ಬರು ಬಿಟ್ಟಿರದ ಐತ ಮತ್ತು ಪೀಂಚಲು, ಒಲ್ಲದ ಮದುವೆಯಿಂದ ಪಾರಾಗಲು ಕಾಡು ಸೇರುವ ಚಿನ್ನಮ್ಮ ಮತ್ತು ಅವಳ ಮುಕುಂದಯ್ಯ. ಒಡೆಯರ ಮನೆಯವರಾಗಲಿ ಜೀತದವರಾಗಲಿ, ಇಬ್ಬರೇ ಇರುವ ಒಂದು ಜಾಗಕ್ಕಾಗಿ ಎಲ್ಲರೂ ಕಾಡು ಮೇಡು ಅಲೆಯುತ್ತಾರೆ. ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯ ಪಾಲಾಗುವಾಗ ನನ್ನ ಪಕ್ಕದಲ್ಲಿ ಕುಳಿತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಒಂದೇ ಕಥೆಗೆ ನಾವು ಒಟ್ಟಿಗೆ ಅತ್ತದ್ದು ಅಂದೇ.

ಅದಕ್ಕೂ ಮುಂಚೆ ನಡೆದುದನ್ನು ಹೇಳಬೇಕು. ರಾತ್ರಿ ಮೂರು ಗಂಟೆಯ ಸುಮಾರು, ಒಂದು ರಂಗದಿಂದ ಇನ್ನೊಂದಕ್ಕೆ ಹೋಗುವ ನಡುವೆ ಚಹಾ ಕುಡಿಯುತ್ತ ನಿಂತಿದ್ದೆವು. ಆಕೆ ಇದ್ದಕ್ಕಿದ್ದಂತೆ ಕೇಳಿದಳು: "ಕೊಪ್ಪಕ್ಕೆ ಒಂದು ಸಲ ಕಂಪನಿ ನಾಟಕ ಬಂದಿತ್ತು, ನೆನಪಿದೆಯಾ?" ನೆನಪಿದೆಯೆಂದೆ. "ಆವತ್ತು ನಾನು ಧಾರೆಸೀರೆ ಉಟ್ಟುಕೊಂಡು ನಾಲ್ಕು ಗಂಟೆಯಿಂದ ಕಾಯ್ತಿದ್ದೆ. ನೀವು ಬಂದಾಗಲೂ ಅದೇ ಸೀರೆಯಲ್ಲಿದ್ದೆ. ಬಾಗಿಲು ತೆಗೆದೆ, ನೀರು ಕೊಟ್ಟೆ, ಬಡಿಸಿದೆ. ನಾಟಕಕ್ಕೆ ಬಿಟ್ಟು ಹೋದದ್ದು ಅಷ್ಟು ಬೇಜಾರಾಗಲಿಲ್ಲ. ನೀವು ಸೀರೆ ನೋಡಲಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಕೋಪವಿಲ್ಲದೆ, ನಿನ್ನೆಯ ಸುದ್ದಿ ಹೇಳುವಂತೆ ಆಕೆ ಹೇಳಿದ್ದಳು. ಕೋಪ ಮಾಡಿದ್ದರೆ ಸಮಾಧಾನ ಹೇಳಬಹುದಿತ್ತು. ಶೃಂಗಾರದ ವಿಭಾವ ಅನುಭಾವಗಳನ್ನು ಮಕ್ಕಳಿಗೆ ಕಲಿಸಿದ ಪಂಡಿತನಿಗೆ, ಎದುರಿಗೆ ದೀಪ ಹಿಡಿದು ನಿಂತ ಹೆಂಡತಿಯ ಸೀರೆ ಕಂಡಿರಲಿಲ್ಲ. "ತಪ್ಪಾಯಿತು," ಎಂದೆ. "ಇರಲಿ ಬಿಡಿ, ಮುಂದಿನ ಆಟ ಶುರುವಾಯ್ತು, ಬನ್ನಿ," ಎಂದು ನನ್ನ ಕೈ ಹಿಡಿದು ನಡೆದಳು. ಸಾವಿರ ಜನರ ನಡುವೆ ಕೈ ಹಿಡಿದು ನಡೆಯುವಾಗ ನನಗೆ ಸಂಕೋಚವಾಗಲಿಲ್ಲ.

ಈಗ ಆರ್ಫಿಯಸನ ಕಥೆಗೆ ಮರಳೋಣ. ಅವನು ತಿರುಗಿ ನೋಡಿ ಹೆಂಡತಿಯನ್ನು ಕಳೆದುಕೊಂಡ. ನಮ್ಮ ಮನೆಗಳ ಗಂಡಸರು ತಿರುಗಿ ನೋಡದೆಯೇ ಕಳೆದುಕೊಳ್ಳುತ್ತೇವೆ. ನಮ್ಮ ಹಿರಿಯರಲ್ಲಿ ಹಾಗಿರಲಿಲ್ಲವೆಂಬುದನ್ನು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ತೋರಿಸುತ್ತದೆ. ಗಂಡ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿ ಅದನ್ನು ಕಂಡು, ಕೇಳಿ, ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಆತ ಸುರಿದು ಬಂದ. ಆ ಮಾತಿಗೆ ಎಡೆಯಾಗಬೇಕಾದರೆ ಇಬ್ಬರೂ ಎದುರುಬದುರಾಗಿ ಕುಳಿತು ಮಾತನಾಡುವ ಅಭ್ಯಾಸ ಮೊದಲೇ ಇದ್ದಿರಬೇಕಷ್ಟೆ. ನಮ್ಮಲ್ಲಿ ಆ ಅಭ್ಯಾಸ ತಪ್ಪಿದೆ. ಮನೆಯಲ್ಲಿ ಸಾಧ್ಯವಾಗದಿದ್ದರೆ ಎರಡು ದಿನ ಹೊರಗೆ ಹೋಗಿಯಾದರೂ ಅದನ್ನು ಮರಳಿ ಕಲಿಯಬೇಕು.

ಆ ಭಾನುವಾರ ರಾತ್ರಿಯ ಬಸ್ಸಿನಲ್ಲಿ, ಪ್ರತಿ ವರ್ಷವೂ ಹೀಗೆ ಒಂದು ಸಲ ಹೋಗೋಣವೆಂದು ಮಾತನಾಡಿಕೊಂಡೆವು. ಮರುವರ್ಷ ಅವ್ವ ಹಾಸಿಗೆ ಹಿಡಿದರು. ಆಮೇಲೆ ಮಗಳ ಮದುವೆ, ಆಮೇಲೆ ತೋಟಕ್ಕೆ ರೋಗ. ಕಾರಣಗಳು ಒಂದರ ಹಿಂದೊಂದು ಬಂದವು. 2019ರಲ್ಲಿ ನನ್ನ ಪತ್ನಿಗೆ ಪಾರ್ಶ್ವವಾಯುವಾಯಿತು. ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಮಾತು ತಡೆದು ತಡೆದು ಬರುತ್ತದೆ. ಸಂಜೆ ನಾನು ಫೋನಿನಲ್ಲಿ ಯಕ್ಷಗಾನದ ಪದಗಳನ್ನು ಹಾಕುತ್ತೇನೆ, ಇಬ್ಬರೂ ಜಗುಲಿಯಲ್ಲಿ ಕುಳಿತು ಕೇಳುತ್ತೇವೆ. ಯಾವ ಬಣ್ಣದ ಸೀರೆ ಉಟ್ಟಿದ್ದಾಳೆಂದು ಈಗ ದಿನವೂ ನೋಡುತ್ತೇನೆ. ನಾವು ಒಟ್ಟಿಗೆ ಮಾಡಿದ ಪ್ರಯಾಣ ಒಂದೇ. ಆದರೆ ಆ ಒಂದು ಇದೆಯೆಂಬುದೇ ಇಂದು ನಮ್ಮ ಮನೆಯ ದೊಡ್ಡ ಆಸ್ತಿ.

ಮರುದಿನ ಬೆಳಗ್ಗೆ ನಾನು ಆ ಯುವಕನ ಮನೆಗೆ ಹೋದೆ. ಅವನ ತಾಯಿ ಮನೆಯನ್ನು ಒಬ್ಬರೇ ಹೊತ್ತು ನಡೆಸಿದ ಗಟ್ಟಿಗಿತ್ತಿ. ಉಪದೇಶ ಮಾಡಲಿಲ್ಲ, ನನ್ನ ಅವ್ವ ಹೇಳಿದ ಬೆನ್ನಿನ ಮಾತನ್ನಷ್ಟೇ ಹೇಳಿದೆ. ಆಕೆ ಬಹಳ ಹೊತ್ತು ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತಿದ್ದರು. "ನಾನು ಅದನ್ನೂ ನೋಡಲಿಲ್ಲ ಮೇಷ್ಟ್ರೆ, ಅವರು ಅಷ್ಟು ಬೇಗ ಹೋಗಿಬಿಟ್ಟರು," ಎಂದರು. ಬಳಿಕ ಒಳಗೆ ತಿರುಗಿ ಸೊಸೆಯನ್ನು ಕರೆದು, "ದಾರಿಗೆ ರೊಟ್ಟಿ ಕಟ್ಟಿಕೋ, ಹೊರಗಿನದ್ದು ತಿನ್ನಬೇಡಿ," ಎಂದರು. ಒಪ್ಪಿಗೆ ನಮ್ಮ ಕಡೆ ಹೀಗೆಯೇ ಬರುತ್ತದೆ.

ಕಿರಿಯರಿಗೆ ಎರಡು ಮಾತು. ಬೆಂಗಳೂರೇ ಆಗಬೇಕೆಂದಿಲ್ಲ, ಹೆಚ್ಚು ಹಣವೂ ಬೇಡ. 1949ರಿಂದ ನಡೆದುಬಂದ ಹೆಗ್ಗೋಡಿನ ನೀನಾಸಮ್ ನಮ್ಮಿಂದ ದೂರವೇನಲ್ಲ. ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ಬೆಂಗಳೂರಿಗೇ ಹೋಗುವುದಾದರೆ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಒಳ್ಳೆಯ ನಾಟಕಗಳಿವೆ. ಹೊತ್ತು ಮೀರಿ ಬಂದವರನ್ನು ಒಳಗೆ ಬಿಡುವುದಿಲ್ಲ, ಎಚ್ಚರವಿರಲಿ. ಯಾವುದೂ ಆಗದಿದ್ದರೆ ಪಕ್ಕದೂರಿನ ಗದ್ದೆಯ ಬಯಲಾಟಕ್ಕೆ ಹೋಗಿ. ಆದರೆ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಿ, ಒಟ್ಟಿಗೆ ಮರಳಿ. ಫೋನನ್ನು ಕೈಯಲ್ಲಿ ಹಿಡಿದುಕೊಂಡರೆ ಇಬ್ಬರೇ ಹೋದಂತಾಗುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಹಿರಿಯರಿಗೆ ಒಂದೇ ಮಾತು. ಮಗ ಸೊಸೆ ಇಬ್ಬರೇ ಹೊರಟರೆ ಕಾರಣ ಕೇಳಬೇಡಿ. ಎರಡು ದಿನ ದನಕ್ಕೆ ಹುಲ್ಲು ಹಾಕುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿ.

ನನ್ನಂತೆ ನಡುವಯಸ್ಸು ದಾಟಿದ ಗಂಡಸರಿಗೆ ಹೇಳುವುದೇನಿದೆ! ಈ ಪುಟವನ್ನು ಮಡಿಸಿಟ್ಟು, ಒಮ್ಮೆ ಅಡಿಗೆಮನೆಯ ಕಡೆ ತಿರುಗಿ ನೋಡಿ. ಅಲ್ಲಿ ಯಾರೋ ಬಹಳ ದಿನಗಳಿಂದ ಒಂದು ಮಾತನ್ನು ಕೇಳದೆ ಇಟ್ಟುಕೊಂಡಿರಬಹುದು.